ನಡುವೆ ಮಾಮನಿಲ್ಲದ ಜಗಳ

ನಮ್ಮ ಕಡೆಯವರು ಜಗಳ ಆಡುವ ಕ್ರಮವನ್ನು ಮೊದಲು ಹೇಳಿಬಿಡಬೇಕು. ಇಲ್ಲದಿದ್ದರೆ ನಾನು ಮಾಡಿದ್ದು ಬರೀ ಒಂದು ಮುದುಕಿಯ ಬಾಯಿಹರುಕತನ ಅಂತ ನೀವು ತಿಳಿದೀರಿ.

ನನ್ನ ಅಪ್ಪ ಉಡುಪಿ ಕಡೆಯಿಂದ ಮದರಾಸಿಗೆ ಬಂದು ಮೈಲಾಪೂರಿನಲ್ಲಿ ಹೋಟೆಲು ಇಟ್ಟವರು. ಆಗಿನ ಹೋಟೆಲಿನವರಲ್ಲಿ ಜಗಳಕ್ಕೆ ಬರ ಇರಲಿಲ್ಲ. ಪಾಲುದಾರ ಬೇರೆಯಾಗಿ ಎದುರು ಸಾಲಿನಲ್ಲೇ ಬೋರ್ಡು ಏರಿಸುತ್ತಿದ್ದ. ಒಬ್ಬರ ಅಡಿಗೆಭಟ್ಟರನ್ನು ಇನ್ನೊಬ್ಬರು ಕೊಲಂಬೋಕ್ಕೆ ಹಾರಿಸಿಕೊಂಡು ಹೋಗುತ್ತಿದ್ದರು. ಪಿನಾಂಗಿನಲ್ಲಿದ್ದ ಅಣ್ಣ ಇಲ್ಲಿಯ ತಮ್ಮನ ಮೇಲೆ ಹಲ್ಲು ಕಡಿಯುತ್ತಿದ್ದ. ಆದರೆ ಕೋರ್ಟಿನ ಮೆಟ್ಟಿಲು ಹತ್ತಿದವರನ್ನು ನಾನು ಕಾಣೆ. ಮಾಮ ಇದ್ದರು. ಅಪ್ಪನಿಗೆ ಏನೋ ದೂರದ ಸೋದರಮಾವನಾಗಬೇಕು, ಆದರೆ ಊರಿಗೆಲ್ಲ ಮಾಮನೇ. ಹುಣಸೆಹಣ್ಣು, ಬೆಲ್ಲದ ಏಜೆನ್ಸಿ ಇಟ್ಟುಕೊಂಡು ಹೋಟೆಲಿಂದ ಹೋಟೆಲಿಗೆ, ಒಮ್ಮೊಮ್ಮೆ ಹಡಗು ಹತ್ತಿ ಕೊಲಂಬೋ, ಪಿನಾಂಗಿಗೂ ಹೋಗಿಬರುತ್ತಿದ್ದರು. ಜಗಳವಾದ ಮನೆಗೆ ಬಂದು ಕೂರುವುದು, ಕಾಫಿ ಕುಡಿಯುವುದು, ನಶ್ಯದ ಡಬ್ಬಿ ತೆಗೆಯುವುದು, ಆಮೇಲೆ "ಹೇಳು" ಅನ್ನುವುದು. ಇಷ್ಟೇ ಅವರ ಪ್ರೊಸೀಜರ್.

ಮನೆಯವರು ಹೇಳುತ್ತಿದ್ದರು. ಹೇಳುವುದೆಂದರೇನು, ಎದುರು ಪಕ್ಷದವನ ವಂಶವನ್ನೇ ಬೇರುಸಹಿತ ಕಿತ್ತು ಒಣಹಾಕುತ್ತಿದ್ದರು. ಮಾಮ ಮೂಗಿಗೆ ನಶ್ಯ ಏರಿಸಿಕೊಂಡು, "ಮತ್ತೆ? ಇನ್ನೂ ಉಂಟಾ?" ಅನ್ನುತ್ತಿದ್ದರು. ಇನ್ನೂ ಇರುತ್ತಿತ್ತು. ಎಲ್ಲ ಖಾಲಿಯಾದ ಮೇಲೆ ಕೈತೊಳೆದು, ಊಟ ಮಾಡಿ, ಎದುರು ಪಕ್ಷದ ಮನೆಗೆ ಹೋಗಿ ಇಷ್ಟು ಹೇಳುತ್ತಿದ್ದರು: "ಅವರಿಗೆ ಬೇಜಾರಾಗಿದೆ ಮಾರಾಯ. ನೀನು ಒಂದು ಸಲ ಹೋಗಿಬಂದಿದ್ದರೆ ಆಗ್ತಿತ್ತು." ಅಷ್ಟೇ. ಬೈದವನಿಗೂ ಗೊತ್ತು, ತನ್ನ ಬೈಗುಳ ಆ ಮನೆಯ ಹೊಸ್ತಿಲು ದಾಟುವುದಿಲ್ಲ ಅಂತ. ಅದಕ್ಕೇ ಅಷ್ಟು ಧೈರ್ಯವಾಗಿ ಬೈಯುತ್ತಿದ್ದ. ಕೇಳಿದವನಿಗೂ ಗೊತ್ತು, ಮಾಮ ತಂದದ್ದಕ್ಕಿಂತ ಬಿಟ್ಟುಬಂದದ್ದೇ ಹೆಚ್ಚು ಅಂತ. ಅಪ್ಪ ತನ್ನ ಹಳೇ ಪಾಲುದಾರನ ಬಗ್ಗೆ, "ನನ್ನ ಹೆಣದ ಮೇಲೂ ಅವನ ನೆರಳು ಬೀಳಬಾರದು" ಅಂತ ಮಾಮನೆದುರು ಗುಡುಗಿದ್ದನ್ನು ನಾನೇ ಕೇಳಿದ್ದೇನೆ. ಆ ಪಾಲುದಾರ ಮುಂದಿನ ಹಬ್ಬಕ್ಕೆ ತಾಂಬೂಲ ಹಿಡಿದು ಬಾಗಿಲಲ್ಲಿ ನಿಂತಾಗ ಅಪ್ಪ ಗಲ್ಲಾಪೆಟ್ಟಿಗೆ ಬಿಟ್ಟು ಓಡಿಬಂದು ಒಳಗೆ ಕರೆದದ್ದನ್ನೂ ನೋಡಿದ್ದೇನೆ.

ಮಾಮ ಸಂತನೇನಲ್ಲ. ಪಾಯಸದ ಆಸೆಗೆ ಜಗಳವನ್ನು ಬೇಕೆಂದೇ ಎಳೆಯುತ್ತಿದ್ದರು. "ಈ ತಂಟೆಯನ್ನು ಇನ್ನೆರಡು ಹಬ್ಬದವರೆಗೆ ಕೊಂಡುಹೋಗ್ತಾರೆ ನೋಡು," ಅಂತ ಅಮ್ಮ ಒಳಗಿಂದ ಗೊಣಗುತ್ತಿದ್ದಳು.

ಇಂಥ ಮನೆಯಲ್ಲಿ ಬೆಳೆದ ಹೆಣ್ಣುಮಕ್ಕಳು ನಾವಿಬ್ಬರು, ನಾನು ಮತ್ತು ನನ್ನ ತಂಗಿ. ಅಪ್ಪ ನಮ್ಮನ್ನು ಕಾನ್ವೆಂಟಿಗೆ ಹಾಕಿದರು. ಮನೆಯಲ್ಲಿ ಉಡುಪಿ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ನನ್‌ಗಳ ಇಂಗ್ಲಿಷು. ಸಿಸ್ಟರ್‌ಗಳು ನಮಗೆ ಕಲಿಸಿದ್ದು ತಗ್ಗಿದ ದನಿ, ಪೂರ್ಣ ವಾಕ್ಯ, "ಲೇಡೀಸ್ ಡೋಂಟ್ ಶೌಟ್." ಮನೆಗೆ ಬಂದೊಡನೆ ಅದನ್ನೆಲ್ಲ ಶೂ ಜೊತೆ ಹೊರಗೆ ಬಿಟ್ಟು ನಾವು ಜಡೆ ಹಿಡಿದು ಜಗಳವಾಡುತ್ತಿದ್ದೆವು.

ತಂಗಿಯನ್ನು ಕ್ವಾಲಾಲಂಪುರದ ಹೋಟೆಲಿನವರ ಮನೆಗೆ ಕೊಟ್ಟರು. ಮದುವೆಯ ಮರುದಿನ ಹೊರಡುವ ಹೊತ್ತಿಗೆ ಅಪ್ಪ ಪೇಂಟರನ ಹತ್ತಿರ ಬರೆಸಿಟ್ಟಿದ್ದ ಎರಡನೇ ಬೋರ್ಡನ್ನು ಹೊರಗೆ ತಂದರು. ನಮ್ಮ ಹೋಟೆಲಿನದೇ ಹೆಸರು, ಅದೇ ಕೆಂಪು ಅಕ್ಷರ. ಅದನ್ನು ಜಮಖಾನದಲ್ಲಿ ಸುತ್ತಿ ಹಿತ್ತಾಳೆ ಪಾತ್ರೆಗಳ ಮೇಲಿಟ್ಟು, "ಇದು ನಿನಗೂ ಸೇರಿದ್ದೇ. ಸಾಂಬಾರಿಗೆ ಉಪ್ಪು ಜಾಸ್ತಿ ಹಾಕಿ ನನ್ನ ಹೆಸರು ಕೆಡಿಸಬೇಡ," ಅಂದರು. ಜಮಖಾನದ ಒಂದು ತುದಿ ಹಿಡಿದವಳು ನಾನು. ಆವತ್ತು ಅಲ್ಲಿದ್ದವರಲ್ಲಿ ಈಗ ಉಳಿದಿರುವುದು ನಾವಿಬ್ಬರೇ.

ಆಮೇಲಿನ ಇಷ್ಟು ವರ್ಷವೂ ಶುಕ್ರವಾರ ದೀಪ ಹಚ್ಚಿದ ಮೇಲೆ ತಂಗಿಯ ಫೋನು ಬರುತ್ತಿತ್ತು. ಕ್ಷೇಮ ಸಮಾಚಾರ ಅಂತೇನಿಲ್ಲ, ಎತ್ತಿದ ಕೂಡಲೇ ಬೈಗುಳ. "ಸತ್ತಿದ್ದೀಯೋ ಬದುಕಿದ್ದೀಯೋ, ಒಂದು ಮೆಸೇಜ್ ಹಾಕ್ಲಿಕ್ಕೆ ಕೈಗೆ ಎಂತ ಲಕ್ವವಾ ನಿಂಗೆ?" ಅದಕ್ಕೆ ನಾನು ಇನ್ನೊಂದು. ಹೀಗೆ ಬೈದು ಮುಗಿಸಿ ಇಬ್ಬರೂ ಹಗುರಾಗಿ ಮಲಗುತ್ತಿದ್ದೆವು.

ಜಗಳ ಎದ್ದದ್ದು ಮಕ್ಕಳ ನಡುವೆ. ನನ್ನ ಮಗ ಮೈಲಾಪೂರಿನ ಹೋಟೆಲು ನಡೆಸುತ್ತಾನೆ. ಸಿಂಗಾಪುರದಲ್ಲಿ ಒಂದು ಬ್ರಾಂಚ್ ತೆರೆಯಬೇಕೆಂದು ಅವನ ಆಸೆ. ಅಪ್ಪನ ಆ ಬೋರ್ಡು ಹಾಕಿಯೇ ಕ್ವಾಲಾಲಂಪುರದಲ್ಲಿ ಹೋಟೆಲು ನಡೆಸುವ ತಂಗಿಯ ಮಗ ನೋಟೀಸು ಕಳಿಸಿದ: ಇಂಡಿಯಾದ ಹೊರಗೆ ಆ ಹೆಸರು ನಮ್ಮದು, ಅಜ್ಜ ನಮ್ಮ ಅಮ್ಮನಿಗೆ ಕೊಟ್ಟದ್ದು. ನನ್ನ ಮಗ ಕೇಳಿದ, ಕೊಟ್ಟದ್ದಕ್ಕೆ ಪೇಪರ್ ಎಲ್ಲಿದೆ? ಪೇಪರ್ ಇರಲಿಲ್ಲ, ಜಮಖಾನ ಇತ್ತು. ಹಿಂದೆ ಇಬ್ಬರೂ ಸೇರಿ ಆ ಹೆಸರಿನಲ್ಲೇ ಮಸಾಲೆಪುಡಿ ವ್ಯಾಪಾರಕ್ಕೆ ಮಾಡಿಕೊಂಡ ಕರಾರಿನಲ್ಲಿ, ತಕರಾರು ಬಂದರೆ ಸಿಂಗಾಪುರದಲ್ಲಿ ಆರ್ಬಿಟ್ರೇಷನ್ ಅಂತ ಇತ್ತಂತೆ.

"ಕೋರ್ಟ್ ಅಲ್ಲಮ್ಮ, ಹೆದರಬೇಡ," ಅಂದ ಮಗ. "ಪ್ರೈವೇಟ್ ಆಗಿ ಒಬ್ಬರು ತೀರ್ಮಾನ ಮಾಡ್ತಾರೆ. ಎಲ್ಲ ಆನ್‌ಲೈನ್. ಈಗ ಎಐ ಬಂದಿದೆಯಲ್ಲ, ಸಾಕ್ಷಿ ಹೇಳಿಕೆ ಅದೇ ತಗೊಳ್ಳುತ್ತೆ. ನೀನು ಮನೆಯಲ್ಲೇ ಕೂತು ಮಾತಾಡಿದರೆ ಆಯ್ತು."

"ನಾನು ಯಾಕೆ?"

"ಅಜ್ಜ ಕೊಟ್ಟರಾ ಇಲ್ಲವಾ ಅಂತ ಹೇಳಲಿಕ್ಕೆ ನೀನು ಮತ್ತು ಚಿಕ್ಕಮ್ಮ ಬಿಟ್ರೆ ಇನ್ಯಾರಿದ್ದಾರೆ?"

ಹೆದರಬೇಡ ಅಂದನಲ್ಲ, ಆವತ್ತು ನಾನು ನಿಜಕ್ಕೂ ಹೆದರಲಿಲ್ಲ. ಸಿಟ್ಟು ಬಂದಿತ್ತು. ತಂಗಿಯ ಮಗನ ನೋಟೀಸಿನಲ್ಲಿ ಒಂದು ಸಾಲು ಇತ್ತು, ಹಿರಿಯ ಶಾಖೆಯವರು ಆ ಹೆಸರಿಗಾಗಿ ಏನೂ ಮಾಡಿಲ್ಲ ಅಂತ. ಅಪ್ಪನ ಕೊನೆಗಾಲದಲ್ಲಿ ಅವರನ್ನೂ ಹೋಟೆಲನ್ನೂ ನೋಡಿಕೊಂಡ ನನಗೆ ಮೈಯೆಲ್ಲ ಉರಿಯಿತು. ಸಾಲದ್ದಕ್ಕೆ, ನೋಟೀಸು ಬಂದಮೇಲಿನ ಶುಕ್ರವಾರಗಳಲ್ಲಿ ತಂಗಿಯ ಫೋನೂ ಇಲ್ಲ. ನಾನೇಕೆ ಮಾಡಲಿ ಅಂತ ನಾನೂ ಬಿಗಿದುಕೊಂಡು ಕೂತೆ.

ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಜಾಡಿಗೆ ಒರಗಿಸಿ ಮಗ ಟ್ಯಾಬ್ಲೆಟ್ ಇಟ್ಟು ಹೋದ. ಒಳಗಿಂದ ಒಂದು ಹೆಂಗಸಿನ ದನಿ, ರೇಡಿಯೋದಲ್ಲಿ ಪ್ರದೇಶ ಸಮಾಚಾರ ಓದುವವರ ದನಿಯ ಹಾಗೆ: "ನಮಸ್ಕಾರ ಅಮ್ಮ. ತಾವು ತಮಗೆ ಅನುಕೂಲವಾದ ಭಾಷೆಯಲ್ಲಿ ಮಾತನಾಡಬಹುದು." ಆಮೇಲೆ ಇದು ರೆಕಾರ್ಡ್ ಆಗುತ್ತದೆ, ಉಭಯ ಪಕ್ಷಗಳಿಗೂ ತಲುಪುತ್ತದೆ, ತಮ್ಮ ಒಪ್ಪಿಗೆ ಇದೆಯೇ ಎಂದು ಕೇಳಿತು. ವಿಮಾನದಲ್ಲಿ ಸೀಟ್‌ಬೆಲ್ಟಿನ ವಿಷಯ ಹೇಳುವಾಗ ತಲೆಯಾಡಿಸುತ್ತೇವಲ್ಲ, ಹಾಗೆ ಯೆಸ್ ಯೆಸ್ ಅಂದೆ.

ಮೊದಲು ಅದನ್ನು ಪರೀಕ್ಷೆ ಮಾಡಿದೆ. ಉಡುಪಿ ಕನ್ನಡದಲ್ಲಿ ಶುರುಮಾಡಿ, ಮಧ್ಯೆ ತಮಿಳು ಸೇರಿಸಿ, ಇಂಗ್ಲಿಷಿನಲ್ಲಿ ಮುಗಿಸಿದೆ. ಒಂದಕ್ಷರ ತಪ್ಪಲಿಲ್ಲ ಅದು. ತಪ್ಪಾಗಿ ಕೇಳಿಸಿಕೊಂಡಿದ್ದರೆ ಇವತ್ತು ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ನಾನು ಹೇಳಿದ್ದನ್ನೇ ಸರಿಯಾಗಿ ತಿರುಗಿ ಹೇಳಿ, "ಅರ್ಥವಾಯಿತು ಅಮ್ಮ, ನಿಧಾನವಾಗಿ ಮುಂದುವರಿಸಿ," ಅಂದಿತು. ಮನೆಯಲ್ಲಿ ಮಗ ಹೋಟೆಲಿಗೆ, ಸೊಸೆ ಬ್ಯಾಂಕಿಗೆ. ನನ್ನ ಮಾತನ್ನು ಅಷ್ಟು ಹೊತ್ತು, ಗಡಿಯಾರ ನೋಡದೆ, "ಆಮೇಲೆ ಹೇಳಮ್ಮ" ಅನ್ನದೆ ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ.

ನಾನು ಹೇಳತೊಡಗಿದೆ. ಅಪ್ಪ ಮಲಗಿದ್ದಾಗ ಅವಳು ಬರಲಿಲ್ಲ, ಅವರು ಹೋದಮೇಲೆ ಬಂದು ಅತ್ತಳು. ಬೋರ್ಡು ಕೊಟ್ಟದ್ದು ಯಾರು? ಅಪ್ಪ ಎಂತದ್ದೂ ಕೊಡಲಿಲ್ಲ, ಇವಳೇ ಎತ್ತಿಕೊಂಡು ಹೋದದ್ದು, ಚಿಕ್ಕಂದಿನಿಂದಲೂ ಅವಳದ್ದು ಕಂಡದ್ದೆಲ್ಲ ತನಗೆ ಅನ್ನುವ ಬುದ್ಧಿ. ತಂಗಿ ಅಂತ ಹೇಳಲಿಕ್ಕೆ ನನಗೆ ನಾಚಿಕೆ.

ಅದು ಮೆತ್ತಗೆ ಕೇಳಿತು: "ಇನ್ನೇನಾದರೂ ಸೇರಿಸುವುದು ಇದೆಯೇ ಅಮ್ಮ?"

ಇನ್ನೂ ಉಂಟಾ ಅಂತ ನಮ್ಮ ಮನೆಯಲ್ಲಿ ಕೇಳುತ್ತಿದ್ದವರು ಒಬ್ಬರೇ. ಆ ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ ಬಾಯಿ ತಾನಾಗಿ ಬಿಚ್ಚಿಕೊಂಡಿತು. ಇದು ಮಧ್ಯಸ್ಥಿಕೆಗೆ ಬಂದದ್ದಲ್ಲವೇ, ಬೈಗುಳ ಹೇಳಿಸಿಕೊಳ್ಳುವುದೇ ಇದರ ಕೆಲಸವಲ್ಲವೇ, ಸಾಗಿಸಬೇಕಾದ್ದನ್ನು ಸಾಗಿಸಿ ಉಳಿದದ್ದನ್ನು ದಾರಿಯಲ್ಲಿ ಚೆಲ್ಲುವುದು ಇದಕ್ಕೂ ಗೊತ್ತಿರುತ್ತದೆ. ಹೀಗೆಲ್ಲ ನಾನು ಯೋಚಿಸಿದೆ ಅಂತ ಅಲ್ಲ, ಯೋಚಿಸುವ ಪ್ರಮೇಯವೇ ಬರಲಿಲ್ಲ. "ಉಂಟು," ಅಂದೆ. "ನಾನು ಸತ್ತರೆ ನನ್ನ ಹೆಣ ನೋಡಲಿಕ್ಕೂ ಅವಳು ಬರಬಾರದು. ಬರೆದುಕೋ."

ಬರೆದುಕೊಂಡಿತು.

ಎರಡು ದಿನದಲ್ಲಿ ಅದು ನನ್ನ ಹೇಳಿಕೆಯನ್ನು ಇಂಗ್ಲಿಷಿನಲ್ಲಿ ಸಿದ್ಧಮಾಡಿ ಎಲ್ಲರಿಗೂ ಕಳಿಸಿತ್ತು. ಮಗ ಪ್ರಿಂಟ್ ತಂದುಕೊಟ್ಟ. ಪ್ಯಾರಾಗಳಿಗೆ ನಂಬರು, ಎಲ್ಲೂ ಒಂದು ಕಾಮಾ ಆಚೆಈಚೆ ಇಲ್ಲ. ನಮ್ಮ ಸಿಸ್ಟರ್‌ಗಳು ನೋಡಿದ್ದರೆ ಮಾರ್ಜಿನ್ನಿನಲ್ಲಿ ಎಕ್ಸಲೆಂಟ್ ಅಂತ ಬರೆಯುತ್ತಿದ್ದರು. ನನ್ನ ಕೂಗಾಟ, ಸೆರಗಿನಲ್ಲಿ ಮೂಗೊರೆಸಿಕೊಂಡದ್ದು ಯಾವುದೂ ಅದರಲ್ಲಿ ಇರಲಿಲ್ಲ. ತಣ್ಣಗಿನ, ತಗ್ಗಿದ ದನಿಯ, ಪೂರ್ಣ ವಾಕ್ಯಗಳು. ಸಾಕ್ಷಿಯ ತಂದೆ ಸದರಿ ಹೆಸರನ್ನು ತಂಗಿಗೆ ನೀಡಿರಲಿಲ್ಲವೆಂದು ಸಾಕ್ಷಿ ಸ್ಪಷ್ಟವಾಗಿ ತಿಳಿಸುತ್ತಾರೆ. ಆಮೇಲೆ ಕೊನೆಯದು: "ದಿ ವಿಟ್ನೆಸ್ ಡಸ್ ನಾಟ್ ವಿಶ್ ಹರ್ ಸಿಸ್ಟರ್ ಟು ಅಟೆಂಡ್ ಹರ್ ಫ್ಯೂನರಲ್."

ಬೈಗುಳವಾಗಿದ್ದಾಗ ಅದಕ್ಕೊಂದು ಬಿಸಿ ಇತ್ತು, ಬಿಸಿ ಆರಿದರೆ ಮುಗಿಯಿತು. ಇದು ಆರುವಂಥದ್ದಲ್ಲ. ಮದುವೆಯ ಕಾರ್ಡಿನ ಹಾಗೆ ಮರ್ಯಾದೆಯಾಗಿ, ನನ್ನ ಹೆಸರಿನಲ್ಲಿ, ನನ್ನ ತಂಗಿಗೆ ತಲುಪಿದ್ದ ಕಾಗದ. 

"ಅಮ್ಮ, ಸೆಮ್ಮ, ಭಾರೀ ಸ್ಟ್ರಾಂಗ್ ಸ್ಟೇಟ್‌ಮೆಂಟ್," ಅಂದ ಮಗ, ಕಣ್ಣರಳಿಸಿ. "ಲಾಯರ್ ತುಂಬ ಖುಷಿಯಾಗಿದ್ದಾರೆ."

"ಇದು ಅವಳಿಗೆ ಹೋಗಿದೆಯಾ?"

"ಹೋಗದೆ? ಇಬ್ಬರಿಗೂ ಒಟ್ಟಿಗೇ ಹೋಗುತ್ತೆ."

"ಕೊನೇದೂ?"

"ಎಲ್ಲ." ಅವನು ಒಂದು ಕ್ಷಣ ನನ್ನ ಮುಖ ನೋಡಿದ. "ನೀನೇ ಹೇಳಿದ್ದಲ್ವಾಮ್ಮ?"

ನಾನೇ ಹೇಳಿದ್ದು. ಒಂದು ಮಾತೂ ಸುಳ್ಳು ಸೇರಿಸಿಲ್ಲ ಅದು. ಬಿಡಬೇಕಾದ್ದನ್ನು ಬಿಟ್ಟಿಲ್ಲ, ಅಷ್ಟೆ.

ಫೋನು ಎತ್ತಿಕೊಂಡೆ. ಮಗ ಕೈ ಅಡ್ಡ ಹಿಡಿದ. ಸಾಕ್ಷಿಗಳು ಪರಸ್ಪರ ಮಾತಾಡಬಾರದಂತೆ, ಲಾಯರ್ ಖಡಾಖಂಡಿತವಾಗಿ ಹೇಳಿದ್ದಾರಂತೆ. ಕಾಲ್ ಮಾಡಿದ್ದು ಗೊತ್ತಾದರೆ ಸಾಕ್ಷಿಯನ್ನು ತಿದ್ದಲು ನೋಡಿದರು ಅಂತ ಆಗುತ್ತದಂತೆ. "ಹಿಯರಿಂಗ್ ಮುಗಿಯುವವರೆಗೆ ಪ್ಲೀಸ್ ಅಮ್ಮ." ನಾನು ಫೋನು ಕೆಳಗಿಟ್ಟೆ. ನಿಯಮ ಅಂದರೆ ನನಗೆ ಅಂದಿನಿಂದಲೂ ಭಯ. ಕಾನ್ವೆಂಟು ಮೂಳೆಯೊಳಗೆ ಇಳಿದಿದೆ.

ತಂಗಿಯ ಎದೆಗೆ ಹೋದವರ್ಷ ಸ್ಟೆಂಟ್ ಹಾಕಿದ್ದಾರೆ. ಆ ವಾಕ್ಯವನ್ನು ಅವಳು ಎಲ್ಲಿ ಕೂತು ಓದಿರಬಹುದು, ಕನ್ನಡಕ ಹಾಕಿಕೊಂಡೋ, ಮಗ ಓದಿ ಹೇಳಿದನೋ ಅಂತ ನನ್ನ ತಲೆ ಅದನ್ನೇ ಕಡೆಯುತ್ತಿತ್ತು. ಹಿಯರಿಂಗಿನವರೆಗೆ ಅವಳಿಗೆ ಏನಾದರೂ ಆಗಿಬಿಟ್ಟರೆ, ಇಷ್ಟು ವರ್ಷದ ಅಕ್ಕ-ತಂಗಿತನದಲ್ಲಿ ನಾನು ಅವಳಿಗೆ ಕೊನೆಯದಾಗಿ ಹೇಳಿದ್ದು ಅದೇ ಆಗುತ್ತದೆ. ಕಾಲಿಂಗ್ ಬೆಲ್ ಆದರೂ ಬೆಚ್ಚಿಬೀಳುತ್ತಿದ್ದೆ. ಶುಕ್ರವಾರ ದೀಪ ಹಚ್ಚಿ ಸುಮ್ಮನೆ ಕೂತಿರುತ್ತಿದ್ದೆ, ಫೋನು ಬಡಿಯುತ್ತಿರಲಿಲ್ಲ. ಬಡಿದರೆ ಏನು ಸುದ್ದಿಯೋ ಅನ್ನುವ ಭಯ ಬೇರೆ.

ಇನ್ನೊಂದು ಭಯವೂ ಸೇರಿಕೊಂಡಿತು, ಹೇಳಿದರೆ ನಗುತ್ತೀರಿ. ಮನೆಯಲ್ಲಿ ಮಾತಾಡಲಿಕ್ಕೇ ಹೆದರತೊಡಗಿದೆ. ಟೀ ಪಾಟಿಗೆ ಹಾಕುವ ದಪ್ಪ ಬಟ್ಟೆಯ ಟೀ ಕೋಜಿಯನ್ನು ಫೋನಿನ ಮೇಲೆ ಮುಚ್ಚಿದೆ. ಟಿವಿ ಹತ್ತಿರ ಬಾಯಿ ಬಿಡುತ್ತಿರಲಿಲ್ಲ. ಬಾಡಿದ ಹೂ ಕೊಟ್ಟಿದ್ದಕ್ಕೆ ಹೂವಮ್ಮನಿಗೆ ಬೈಯಲು ಬಾಯಿ ತೆರೆದು, ಇದನ್ನು ಯಾರು ಎಲ್ಲಿ ನಂಬರು ಹಾಕಿ ಬರೆದುಕೊಳ್ಳುತ್ತಾರೋ ಅನ್ನಿಸಿ ಮುಚ್ಚಿದೆ. ಅವಳೇ ಗಾಬರಿಯಾಗಿ, "ಎನ್ನಮ್ಮಾ, ಒಡಂಬು ಸರಿಯಿಲ್ಲೆಯಾ?" ಅಂತ ಕೇಳಿದಳು, ಮೈ ಸರಿಯಿಲ್ಲವೇ ಅಂತ. ನಾನು ಬೈಯಲಿಲ್ಲವಲ್ಲ, ಅದಕ್ಕೆ.

ತಡೆಯಲಾರದೆ ಒಬ್ಬಳೇ ಆಟೋ ಹತ್ತಿ ಲಾಯರ್ ಹತ್ತಿರ ಹೋದೆ. ಮೈಲಾಪೂರಿನಲ್ಲೇ, ಲಸ್ ಸರ್ಕಲಿನ ಹತ್ತಿರ ಅವಳ ಆಫೀಸು. ಚಿಕ್ಕ ಹುಡುಗಿ, ನನ್ನ ಮೊಮ್ಮಗಳ ವಯಸ್ಸು, ಒಳ್ಳೆಯವಳು. ನನ್ನನ್ನು ಕೂರಿಸಿ, ಎಸಿ ಕಡಿಮೆ ಮಾಡಿ, "ಸೊಲ್ಲುಂಗ ಆಂಟಿ," ಅಂದಳು, ಹೇಳಿ ಅಂತ.

"ನನ್ನ ಹೇಳಿಕೆ ವಾಪಸ್ ಬೇಕಮ್ಮ."

"ವಾಪಸ್ ಆಗಲ್ಲ ಆಂಟಿ. ಬೇಕಿದ್ದರೆ ಇನ್ನೊಂದು ಕೊಡಬಹುದು. ಆದರೆ ಎರಡನ್ನೂ ಸಿಸ್ಟಮ್ ಹೋಲಿಸುತ್ತೆ. ಎಲ್ಲೆಲ್ಲಿ ಮಾತು ಬದಲಾಯ್ತೋ ಅಲ್ಲಿ ಹಳದಿ ಬಣ್ಣ ಹಾಕಿ ತೋರಿಸುತ್ತೆ. ಆಗ ನಿಮ್ಮ ಮಗನ ಕೇಸು ಬಿದ್ದುಹೋಗುತ್ತೆ."

"ನಾನು ಸಿಟ್ಟಿನಲ್ಲಿ ಹೇಳಿದ್ದು ಅಂತ ಅದಕ್ಕೆ ಗೊತ್ತಾಗಲಿಲ್ಲವಾ?"

ಅವಳು ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದಳು. ಗೊತ್ತಾಗಿತ್ತು. ಅದೂ ಬರೆದಿತ್ತು: ಸಾಕ್ಷಿ ಭಾವೋದ್ವೇಗದಲ್ಲಿದ್ದರು, ಆದರೂ ಹೇಳಿಕೆ ಆದ್ಯಂತ ಸುಸಂಬದ್ಧವಾಗಿದೆ. "ಇದು ನಮಗೆ ಒಳ್ಳೆಯದು ಆಂಟಿ," ಅಂದಳು.

"ತೀರ್ಪು ಕೊಡುವವರು ನನ್ನ ಮಾತನ್ನು ಕೇಳುತ್ತಾರಾ? ಅಂದರೆ, ನಾನು ಮಾತಾಡಿದ್ದನ್ನು, ನನ್ನ ದನಿಯಲ್ಲಿ?"

"ರೆಕಾರ್ಡಿಂಗ್ ಇರುತ್ತೆ. ಆದರೆ ಫೈಲು ಎಷ್ಟೊಂದು ಅಂತೀರಿ. ಸಾರಾಂಶ ಓದ್ತಾರೆ."

"ಎಲ್ಲವನ್ನೂ ಓದುವವರು ಯಾರು ಹಾಗಾದರೆ?"

ಹುಡುಗಿ ಪೆನ್ನಿನ ಮುಚ್ಚಳ ಕಚ್ಚಿದಳು. "ಅದು ಓದುತ್ತೆ."

ಬರುವಾಗ ಲಿಫ್ಟಿನ ತನಕ ಬಂದು ನನ್ನ ಕೈ ಹಿಡಿದಳು. "ಹಿಯರಿಂಗ್ ದಿನ ಆರ್ಬಿಟ್ರೇಟರ್ ಒಂದೇ ಪ್ರಶ್ನೆ ಕೇಳ್ತಾರೆ ಆಂಟಿ. ಡು ಯು ಕನ್ಫರ್ಮ್ ಯುವರ್ ಸ್ಟೇಟ್‌ಮೆಂಟ್ ಅಂತ. ನೀವು ಯೆಸ್ ಅಂದರೆ ಸಾಕು. ಭಯಪಡಬೇಡಿ."

ಆ ಒಂದು ಯೆಸ್ಸನ್ನು ನಾನು ಎಷ್ಟು ಸಲ ಬಾಯಿಪಾಠ ಮಾಡಿದೆನೋ. ಯೆಸ್ ಅಂದರೆ ಮಗನಿಗೆ ಸಿಂಗಾಪುರ ಸಿಗುತ್ತದೆ. ಅವನು ಅದಕ್ಕಾಗಿ ಎಷ್ಟು ಓಡಾಡಿದ್ದಾನೆ ಅಂತ ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಯೆಸ್ ಅಂದರೆ ಅಪ್ಪ ಜಮಖಾನದಲ್ಲಿ ಸುತ್ತಿಕೊಟ್ಟದ್ದು ಕೊಟ್ಟೇ ಇಲ್ಲ ಅಂತಾಗುತ್ತದೆ, ತಂಗಿ ಕದ್ದವಳಾಗುತ್ತಾಳೆ, ಹೆಣದ ಮಾತು ಮೊಹರು ಬಿದ್ದು ನಿಲ್ಲುತ್ತದೆ. ಮಧ್ಯೆ ಇನ್ನೊಂದು ಉತ್ತರಕ್ಕೆ ಜಾಗವಿರಲಿಲ್ಲ.

ಹಿಯರಿಂಗ್ ಲಾಯರ್ ಆಫೀಸಿನ ದೊಡ್ಡ ಪರದೆಯ ಮೇಲೆ. ಒಂದು ಚೌಕದಲ್ಲಿ ಆರ್ಬಿಟ್ರೇಟರ್, ಬಿಳಿಕೂದಲಿನವರು, ಕಣ್ಣಿನಡಿ ದಣಿವು. ಇನ್ನೊಂದರಲ್ಲಿ ನಾವು. ಮತ್ತೊಂದು ಆ ಎಐಯದ್ದು, ಅಲ್ಲಿ ಮುಖವಿಲ್ಲ, ಯಾರು ಮಾತಾಡಿದರೂ ಏರಿಳಿಯುವ ಒಂದು ಗೆರೆ, ಪಕ್ಕದಲ್ಲಿ ನಮ್ಮ ಮಾತುಗಳು ಆಡಿದ ಹಾಗೇ ಅಕ್ಷರವಾಗಿ ಸರಿದುಹೋಗುತ್ತಿದ್ದವು. ಕೊನೆಯ ಚೌಕ ಬೆಳಗಿದಾಗ ಅಲ್ಲಿ ನನ್ನ ತಂಗಿ.

ಎಷ್ಟು ಇಳಿದುಹೋಗಿದ್ದಳು. ಕೂದಲನ್ನು ಕುತ್ತಿಗೆಯವರೆಗೆ ಕತ್ತರಿಸಿದ್ದಳು. ನನ್ನ ಕಡೆ ನೋಡುತ್ತಿದ್ದಾಳೋ, ಆರ್ಬಿಟ್ರೇಟರ್ ಕಡೆಯೋ ಹೇಳಲಾಗುತ್ತಿರಲಿಲ್ಲ. ಈ ಪರದೆಗಳಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ನಾನು ಕೈ ಎತ್ತಿದೆ. ಅವಳು ಎತ್ತಲಿಲ್ಲ.

ನನ್ನ ಸರದಿ ಬಂತು. ಆರ್ಬಿಟ್ರೇಟರ್ ಸೌಜನ್ಯದಿಂದಲೇ ಕೇಳಿದರು, ಮೇಡಮ್, ನಿಮ್ಮ ಹೇಳಿಕೆಯನ್ನು ನೀವು ದೃಢಪಡಿಸುತ್ತೀರಾ?

 ಮಗ ಮೇಜಿನಡಿ ನನ್ನ ಮೊಣಕಾಲನ್ನು ಮೆತ್ತಗೆ ತಟ್ಟಿದ. ನಾನು ಇಂಗ್ಲಿಷಿನಲ್ಲಿ ಹೇಳಿದೆ, "ಸರ್, ಮಾತುಗಳು ನನ್ನವೇ. ಆದರೆ ನಮ್ಮ ತಂದೆ ಬೋರ್ಡನ್ನು ಅವಳಿಗೆ ಕೊಟ್ಟರು. ನಾನು ಅಲ್ಲೇ ಇದ್ದೆ. ಜಮಖಾನ ಹಿಡಿದುಕೊಂಡಿದ್ದೆ."

ಮಗನ ಕೈ ಮೊಣಕಾಲಿನಿಂದ ಹೋಯಿತು. ಪರದೆಯ ಪಕ್ಕದಲ್ಲಿ ಸರಿಯುತ್ತಿದ್ದ ನನ್ನ ವಾಕ್ಯದ ಮೇಲೆ, ನಾನು ಮುಗಿಸುವ ಮೊದಲೇ, ಹಳದಿ ಹರಡಿಕೊಂಡಿತು.

ಆರ್ಬಿಟ್ರೇಟರ್ ಕನ್ನಡಕ ತೆಗೆದರು. "ಹಾಗಾದರೆ ಮೊದಲು ಬೇರೆ ರೀತಿ ಏಕೆ ಹೇಳಿದಿರಿ?"

ಅವರಿಗೆ ಮಾಮನ ಕಥೆ ಹೇಳಬೇಕಾಯಿತು. ಎಷ್ಟು ಹೇಳಿದೆನೋ, ಹೇಗೆ ಹೇಳಿದೆನೋ. ನಮ್ಮ ಮನೆಯಲ್ಲಿ ನಡುವೆ ಕೂತವರ ಹತ್ತಿರ ಎಲ್ಲವನ್ನೂ ಕಕ್ಕುತ್ತೇವೆ, ಅವರು ಅದನ್ನೆಲ್ಲ ಹೊತ್ತುಕೊಂಡು ಹೋಗುವುದಿಲ್ಲ, ಇದೂ ಹಾಗೇ ಅಂದುಕೊಂಡೆ ಅಂದೆ. ಇಂಗ್ಲಿಷಿನಲ್ಲಿ ಹೇಳುವಾಗ ಅದು ಒಂದು ಮೂರ್ಖತನದ ಹಾಗೆ ಕೇಳಿಸಿತು. ನನ್ನ ದನಿ ನಡುಗುತ್ತಿತ್ತು, ಗೆರೆಯೂ ನಡುಗುತ್ತಿತ್ತು. "ಮತ್ತು ಸರ್, ಆ ಕೊನೆಯ ಪ್ಯಾರಾ. ಅವಳು ಬರಬೇಕು. ಅವಳು ಬರದಿದ್ದರೆ ನನ್ನನ್ನು ಎತ್ತಬಾರದು. ದಯವಿಟ್ಟು ಅದನ್ನೂ ಬರೆದುಕೊಳ್ಳಿ."

ಆಗ ತಂಗಿಯ ಬಾಯಿ ಅಲ್ಲಾಡಿತು. ಅವಳು ಏನೋ ಹೇಳಿದಳು, ಕೈಯಾಡಿಸಿ, ತಲೆಯಾಡಿಸಿ, ಸುಮಾರು ಹೊತ್ತು ಹೇಳಿದಳು. ಅವಳ ಮೈಕ್ ಮ್ಯೂಟ್ ಆಗಿತ್ತು. ಸರದಿಯಿಲ್ಲದೆ ಮಾತಾಡುವ ಹಾಗಿಲ್ಲವಂತೆ. ನಾನು ಅವಳ ತುಟಿಗಳನ್ನೇ ನೋಡಿದೆ, ಬೈಯುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ಗೆರೆ ಮಾತ್ರ ನೆಟ್ಟಗೆ ಮಲಗಿತ್ತು.

ಕಾರಿನಲ್ಲಿ ಮಗ ಮನೆಯವರೆಗೆ ಮಾತಾಡಲಿಲ್ಲ. ಗೇಟಿನ ಹತ್ತಿರ ಇಂಜಿನ್ ಆಫ್ ಮಾಡಿ, "ನೀನು ಯಾರ ಸಾಕ್ಷಿ ಅಮ್ಮ?" ಅಂದ.

"ಕೂಗಾಡು ಬೇಕಾದರೆ," ಅಂದೆ. "ಮೂರು ಬಿಟ್ಟವಳು, ಮಗನ ಹೊಟ್ಟೆ ಮೇಲೆ ಹೊಡೆದವಳು ಅನ್ನು. ಹೀಗೆ ಸುಮ್ಮನಿರಬೇಡ ಮಾರಾಯ."

ಅವನು ಕೂಗಾಡಲಿಲ್ಲ. ಬಾಗಿಲು ತೆರೆದು, ಇಳಿಯಲು ಕೈಕೊಟ್ಟು, ಹೋಟೆಲಿಗೆ ಹೋದ.

ತೀರ್ಪು ಬಂತು. ಇಂಡಿಯಾದ ಹೊರಗೆ ಹೆಸರು ತಂಗಿಯ ಮಗನಿಗೆ. ತನ್ನ ಕಡೆಯವರಿಗೆ ನಷ್ಟವಾಗುವಂತೆ ಹೇಳಿದ್ದರಿಂದ ಸಾಕ್ಷಿಯ ಎರಡನೇ ಮಾತು ನಂಬಲರ್ಹ ಅಂತ ಅದರಲ್ಲಿ ಒಂದು ಪ್ಯಾರಾ ಇದೆ. ಮೊದಲಿನ ಹೇಳಿಕೆಯೂ ಹಿಂದೆ ಲಗತ್ತಾಗಿದೆ. ಅದು ಅಳಿಸುವುದಿಲ್ಲವಂತೆ. ನಾನು ಹೋದಮೇಲೂ ಎಲ್ಲೋ ಒಂದು ತಣ್ಣನೆಯ ಕೋಣೆಯ ಯಂತ್ರದೊಳಗೆ, ನನ್ನ ತಂಗಿ ನನ್ನ ಹೆಣ ನೋಡಬಾರದು ಅಂತ ನಾನು ಮರ್ಯಾದೆಯಾಗಿ ಹೇಳುತ್ತಲೇ ಇರುತ್ತೇನೆ.

ಆಮೇಲಿನ ಶುಕ್ರವಾರ ಫೋನು ಬಡಿಯಿತು. ಟೀ ಕೋಜಿ ಎತ್ತಿ ಫೋನನ್ನು ಕಿವಿಗಿಟ್ಟೆ.

"ಹೌ ಆರ್ ಯು, ಅಕ್ಕ?" ತಂಗಿ. "ಮೊಣಕಾಲು ನೋವು ಹೇಗಿದೆ?"

ಅವಳು ಹುಟ್ಟಿದಾಗಿನಿಂದ ಒಂದು ಸಲವೂ ನನ್ನನ್ನು ಹೌ ಆರ್ ಯು ಅಂತ ಕೇಳಿದವಳಲ್ಲ. ನಾನು ಪರವಾಗಿಲ್ಲ ಅಂದೆ. ಅಲ್ಲಿ ಮಳೆ ಅಂದಳು. ಇಲ್ಲಿ ಸೆಕೆ ಅಂದೆ. ಔಷಧಿ ಸರಿಯಾಗಿ ತಗೋ, ಟೇಕ್ ಕೇರ್ ಅಂದಳು. ಒಂದೊಂದು ವಾಕ್ಯವೂ ತೊಳೆದು ಒರೆಸಿ ಇಟ್ಟ ಹಾಗಿತ್ತು. ನಮ್ಮಿಬ್ಬರ ನಡುವೆ ಯಾರೋ ಕೂತು ಬರೆದುಕೊಳ್ಳುತ್ತಿದ್ದಾರೆ ಅನ್ನುವ ಹಾಗೆ ಮಾತಾಡುತ್ತಿದ್ದಳು. ನಾನೂ ಹಾಗೇ ಮಾತಾಡುತ್ತಿದ್ದೆ.

"ಏ," ಅಂದೆ, ತಡೆಯಲಾರದೆ. "ಆವತ್ತು ಎಂತ ಹೇಳಿದ್ದು ನೀನು? ಮ್ಯೂಟ್ ಆಗಿತ್ತು."

ಅವಳು ಮತ್ತೆ ಮಳೆಯ ಮಾತು ತೆಗೆದಳು.

"ಬೈದದ್ದಾ? ಬೈದಿದ್ದರೆ ಬೈದೆ ಅನ್ನು. ಈಗ ಬೈ ಮಾರಾಯ್ತಿ, ಒಂದು ಸಲ ಸರಿಯಾಗಿ ಬೈದುಬಿಡು ನನಗೆ."

"ಬೇಡ ಅಕ್ಕ," ಅಂದಳು, ತುಂಬ ಮೆತ್ತಗೆ. "ಫೋನಲ್ಲಿ ಬೇಡ." ಆಮೇಲೆ, "ಎದುರಿಗೆ ಸಿಕ್ಕಿದಾಗ."

ಎದುರಿಗೆ. ಅವಳಿಗೆ ವಿಮಾನ ಹತ್ತಬಾರದೆಂದು ಡಾಕ್ಟರು ಹೇಳಿದ್ದಾರೆ. ನನ್ನ ಪಾಸ್‌ಪೋರ್ಟಿನ ಅವಧಿ ಯಾವತ್ತೋ ಮುಗಿದಿದೆ. ಇಬ್ಬರಲ್ಲಿ ಯಾರು ಎಷ್ಟು ದಿನವೋ, ಆ ಭಯ ಈಗ ಬೆಳಗ್ಗೆ ಕಾಫಿ ಜೊತೆಗೇ ಶುರುವಾಗುತ್ತದೆ. ಮಗನಿಗೆ ಹೇಳಿದೆ, ಪಾಸ್‌ಪೋರ್ಟ್ ಮಾಡಿಸಿಕೊಡು ಅಂತ. ಅವನದು ನನ್ನೊಡನೆ ಇನ್ನೂ ಅಗತ್ಯಕ್ಕಷ್ಟೇ ಮಾತು. ಆದರೆ ಮರುದಿನವೇ ನನ್ನನ್ನು ಕೆರೆಬೀದಿಯ ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿ, ಸ್ಟೂಲಿನ ಮೇಲೆ ಕೂರಿಸಿ, ಸೆರಗು ಸರಿಮಾಡಿ, ಪಕ್ಕಕ್ಕೆ ನಿಂತ.

ತಂಗಿಗೆ ಸಿಕ್ಕಿದಾಗ ಮೊದಲು ಏನು ಹೇಳಬೇಕೆಂದು ನಾನು ಆಗಲೇ ಬಾಯೊಳಗೆ ಕೂಡಿಸತೊಡಗಿದ್ದೆ. ತುಟಿ ಅಲ್ಲಾಡಿರಬೇಕು.

"ಪಾಟ್ಟಿ," ಅಂದ, ಅಜ್ಜೀ ಅಂತ, ಫೋಟೊದವನು ಕ್ಯಾಮೆರಾ ಹಿಂದಿನಿಂದ, ನಗುತ್ತ. "ವಾಯೆ ಮೂಡುಂಗ. ಬಾಯಿ ಮುಚ್ಚಿದ್ದರೆ ಮಾತ್ರ ಆಫೀಸಿನವರು ಒಪ್ಪುತ್ತಾರೆ."

ನಾನು ಬಾಯಿ ಮುಚ್ಚಿ, ನೆಟ್ಟಗೆ ನೋಡಿದೆ.